ಗೌಂಡಿ ಓಣಿಯ ಬರ್ಫಿನ ಗಂಟು

ಗೌಂಡಿ ಓಣಿಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಯಾರೂ ತಿನ್ನುತ್ತಿರಲಿಲ್ಲ. ಅದು ತಾಮ್ರದ ಬೆರಳಿಗೆ ಮೀಸಲು.

ಶಿವಲೀಲಾ ಹುಟ್ಟುವ ಹೊತ್ತಿಗಾಗಲೇ ಕಲಬುರಗಿಯ ಬಿಸಿಲು ಐವತ್ತು ಡಿಗ್ರಿಯ ಹೊಸ್ತಿಲಲ್ಲಿ ಬಂದು ಕೂತಿತ್ತು. ಮನೆಗೊಂದು ಎಸಿ ಓಡಿಸಿದರೆ ಊರಿಗೆ ಕರೆಂಟು ಸಾಲುವುದಿಲ್ಲ, ಒಬ್ಬರ ಎಸಿ ಹೊರಗೆ ಉಗುಳುವ ಬಿಸಿಗೆ ಪಕ್ಕದ ಮನೆಯವರು ಬೇಯುತ್ತಾರೆ ಎಂದಾದ ಮೇಲೆ, ಓಣಿಗೊಂದೇ ಯಂತ್ರ ಎಂಬ ಏರ್ಪಾಡು ಬಂತು. ಓಣಿಯ ತುದಿಯ ಬೇವಿನ ಮರದ ಪಕ್ಕ ಒಂದು ಕೋಣೆ, ಕೋಣೆಯಲ್ಲಿ ಒಂದು ಕಂಪ್ರೆಸರ್. ಅದು ಗ್ಯಾಸನ್ನು ಒತ್ತಿ ಒತ್ತಿ ದ್ರವ ಮಾಡಿ ಸಣ್ಣ ಪೈಪಿನಲ್ಲಿ ಹದಿನಾರೂ ಮನೆಗೆ ಕಳಿಸುತ್ತಿತ್ತು. ಪ್ರತಿ ಮನೆಯ ಗೋಡೆಗೆ ಒಂದು ಹಿತ್ತಾಳೆಯ ವಾಲ್ವ್, ವಾಲ್ವಿನೊಳಗೆ ಸೂಜಿ ತೂರುವಷ್ಟು ಕಿಂಡಿ. ಆ ಕಿಂಡಿಯಲ್ಲಿ ನುಸುಳಿ ಆಚೆ ಬಂದದ್ದೇ ತಡ, ದ್ರವದ ಮೇಲಿದ್ದ ಒತ್ತಡವೆಲ್ಲ ಇಳಿದು ಅದು ಕೊತಕೊತ ಕುದಿದು ಮತ್ತೆ ಗ್ಯಾಸಾಗುತ್ತಿತ್ತು. ಕುದಿಯಲು ಬೇಕಾದ ಬಿಸಿಯನ್ನು ಕೋಣೆಯಿಂದಲೇ ಎಳೆದುಕೊಳ್ಳುತ್ತಿತ್ತು. ಇಷ್ಟೇ. ಊರು ಬದುಕಿದ್ದು ಇಷ್ಟರ ಮೇಲೆ.

ಕಿಂಡಿ ಎಷ್ಟು ತೆರೆಯಬೇಕು ಎಂದು ನೋಡಿಕೊಳ್ಳುವುದಕ್ಕೆ ಒಂದು ತಾಮ್ರದ ಬೆರಳು ಇತ್ತು. ನಿಜವಾಗಿಯೂ ಬೆರಳಿನಷ್ಟೇ ಉದ್ದ, ಅಷ್ಟೇ ದಪ್ಪ. ಅದರೊಳಗೆ ಒಂಚೂರು ಗ್ಯಾಸು ತುಂಬಿ, ಬಾಯಿ ಮುಚ್ಚಿ, ಕೋಣೆಯಿಂದ ವಾಪಸು ಹೋಗುವ ಪೈಪಿಗೆ ಪಟ್ಟಿಯಿಂದ ಬಿಗಿದಿದ್ದರು. ಪೈಪು ಬೆಚ್ಚಗಾದರೆ ಬೆರಳಿನ ಗ್ಯಾಸು ಹಿಗ್ಗಿ ವಾಲ್ವಿನ ಸೂಜಿಯನ್ನು ದೂಡಿ ಕಿಂಡಿ ದೊಡ್ಡದು ಮಾಡುತ್ತಿತ್ತು. ಪೈಪು ತಣ್ಣಗಾದರೆ ಕುಗ್ಗಿ ಕಿಂಡಿ ಮುಚ್ಚುತ್ತಿತ್ತು. ಕರೆಂಟಿಲ್ಲ, ಕಂಪ್ಯೂಟರಿಲ್ಲ, ಯಾರ ಅಪ್ಪಣೆಯೂ ಇಲ್ಲ.

ಈ ಗುಟ್ಟು ಓಣಿಯ ಹೆಂಗಸರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಬೆರಳಿಗೆ ಸುತ್ತಿದರೆ ಅದು ಮೋಸ ಹೋಗಿ ಕಿಂಡಿ ತೆರೆದುಬಿಡುತ್ತದೆ, ಮನೆಗೆ ಪಾಲಿಗಿಂತ ಜಾಸ್ತಿ ಥಂಡಿ ಬರುತ್ತದೆ! ಹಾಗಾಗಿ ಬೆಳಗಾದರೆ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು, ಅದರ ಬೆನ್ನಿಗೇ ಜಗಳ.

"ಏ ಕಸ್ತೂರಾ, ಎಷ್ಟ್ ರೊಟ್ಟಿ ಹಚ್ಚೀಯೇ? ನಮ್ಮನ್ಯಾಗ ಬೆಂಕಿ ಬಿದ್ದಂಗ ಆಗ್ಯಾದ!"

"ನಾ ಒಂದೇ ಹಚ್ಚೀನಿ ಆಯಿ! ಮಹಿಬೂಬಿ ಮನ್ಯಾಗ ನೋಡು ಹೋಗು, ಎರಡೆರಡು ಸುತ್ಯಾಳ!"

ಕಸ್ತೂರಾ ಎಂದರೆ ಶಿವಲೀಲಾಳ ಅವ್ವ. ಆಯಿ ಎಂದರೆ ಸುಗಲಾಬಾಯಿ, ಓಣಿಗೆಲ್ಲ ಅಜ್ಜಿ, ಓಣಿಗೆಲ್ಲ ಪೊಲೀಸು.

ರೊಟ್ಟಿ ಇದ್ದದ್ದು ಥಂಡಿ ಕದಿಯುವುದಕ್ಕೆ. ಕೊಡುವುದಕ್ಕೆ ಬೇರೆಯೇ ಇತ್ತು, ಬರ್ಫಿನ ಗಂಟು. ಹಳೆಯ ಧೋತರದ ತುಂಡಿನಲ್ಲಿ ಬರ್ಫಿನ, ಅಂದರೆ ಮಂಜುಗಡ್ಡೆಯ, ಚೂರು ಕಟ್ಟಿ ಬೆರಳಿನ ಮೇಲೆ ಬಿಗಿದರೆ, ಅದು ಕೋಣೆ ಸಾಕಷ್ಟು ತಣ್ಣಗಿದೆ ಎಂದುಕೊಂಡು ಕಿಂಡಿ ಮುಚ್ಚಿಬಿಡುತ್ತಿತ್ತು. ಆ ಮನೆಯ ಪಾಲು ಪೈಪಿನಲ್ಲೇ ಮುಂದೆ ಹೋಗಿ, ಯಾರ ಕಿಂಡಿ ತೆರೆದಿದೆಯೋ ಅವರಿಗೆ ಸಿಗುತ್ತಿತ್ತು. ಓಣಿಯಲ್ಲಿ ಯಾರಿಗಾದರೂ ಮೈ ಸುಡುತ್ತಿದ್ದರೆ, ಯಾರದಾದರೂ ಮನೆಗೆ ಕೂಸು ಬಂದರೆ, ಸುಗಲಾಬಾಯಿ ಬೇವಿನ ಕಟ್ಟೆ ಹತ್ತಿ ಕೂಗುತ್ತಿದ್ದಳು, "ಗಂಟು ಕಟ್ರ್ಯೋ!" ಎಂದು. ಬೆಳಗ್ಗೆ ರೊಟ್ಟಿಗಾಗಿ ಬಾಯಿಗೆ ಬಂದಂತೆ ಬೈದಾಡಿದವರೇ ಬರ್ಫು ಒಡೆಯಲು ಕೂರುತ್ತಿದ್ದರು. ಹಿಂದಿನವರು ಬಾಣಂತಿಗೆ ಕೆಂಡದ ಕಾವು ಕೊಡುತ್ತಿದ್ದರಂತೆ. ಇವರು ಥಂಡಿ ಕೊಟ್ಟರು.

ಶಿವಲೀಲಾಗೂ ಒಮ್ಮೆ ಕೊಟ್ಟಿದ್ದರು. ಎರಡನೇ ಕ್ಲಾಸಿನಲ್ಲಿ ಟೈಫಾಯ್ಡ್ ಬಂದಾಗ. ಮೇ ತಿಂಗಳ ಉರಿಯಲ್ಲಿ ಅವಳೊಬ್ಬಳು ಕೌದಿ ಹೊದ್ದು ಗಡಗಡ ನಡುಗುತ್ತ ಮಲಗಿದ್ದಳು. ಕಿಟಕಿಯಾಚೆ ಇಡೀ ಓಣಿ ಬೇವಿನ ನೆರಳಿನಲ್ಲಿ ತಲೆಗೆ ಒದ್ದೆ ಟವೆಲ್ ಹಾಕಿಕೊಂಡು ಕೂತು, ಉಳಿದ ಬರ್ಫನ್ನು ಕಟಂಕಟಂ ಕಡಿಯುತ್ತಿತ್ತು. ಪಕ್ಕದ ಮನೆಯ ಮಹಿಬೂಬಿಯ ಮಗಳು ಯಾಸ್ಮಿನ್ ಕಿಟಕಿಗೆ ಮೂಗು ಒತ್ತಿ, "ಲೀಲಿ, ಜಲ್ದಿ ಆರಾಮಾಗು. ನಮಗ ಭಾಳ ಶೆಕಿ ಆಗ್ಲಕತ್ತಾದ," ಎಂದಿದ್ದಳು. ಜ್ವರದ ಕನಸೋ ನಿಜವೋ ಎಂದು ಎಷ್ಟೋ ವರ್ಷ ಗೊಂದಲವಿತ್ತು. ಯಾಸ್ಮಿನ್‌ಳನ್ನೇ ಕೇಳಿದಾಗ, "ಖರೇನೇ ಅಂದಿದ್ದೆ, ಯಾಕ, ಸಿಟ್ಟು ಬಂತೇನು?" ಎಂದು ನಕ್ಕಿದ್ದಳು.

*

ಈಗ ಶಿವಲೀಲಾ ನಗರ ತಂಪು ಮಂಡಳಿಯ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರ್. ಗೋಡೆ ತುಂಬ ಊರಿನ ನಕ್ಷೆ. ಮನೆಗೊಂದು ಚುಕ್ಕೆ. ತಂಪಾಗಿದ್ದರೆ ನೀಲಿ, ಬಿಸಿಯಾದರೆ ಹಳದಿ, ಅಪಾಯವಾದರೆ ಕೆಂಪು. ಊರಿನ ಎಲ್ಲ ಓಣಿಗೂ ಹೊಸ ಎಲೆಕ್ಟ್ರಾನಿಕ್ ವಾಲ್ವ್ ಬಂದು ವರ್ಷಗಳೇ ಆಗಿದ್ದವು. ಹಿತ್ತಾಳೆಯದು ಉಳಿದದ್ದು ಗೌಂಡಿ ಓಣಿಯಲ್ಲಿ ಮಾತ್ರ. ಅದನ್ನು ಬದಲಿಸುವ ಕೆಲಸ ಹೋದ ತಿಂಗಳು ಅವಳ ಪಾಲಿಗೇ ಬಂತು.

ಅವಳೇ ಹೋಗಿ ನಿಂತು ಮಾಡಿಸಿದಳು. ಬೇಡ ಎನ್ನಲು ಅವಳಿಗೂ ಮನಸ್ಸಿರಲಿಲ್ಲ, ಯಾಕೆಂದರೆ ರೊಟ್ಟಿಯ ಆಟ ಕಂಪ್ರೆಸರಿಗೆ ಒಳ್ಳೆಯದಲ್ಲ. ಕಿಂಡಿ ವಿಪರೀತ ತೆರೆದರೆ ದ್ರವ ಪೂರ್ತಿ ಕುದಿಯದೆ ಹಾಗೇ ವಾಪಸು ಹರಿಯುತ್ತದೆ. ಗ್ಯಾಸು ಒತ್ತಲೆಂದೇ ಮಾಡಿದ ಯಂತ್ರದೊಳಗೆ ದ್ರವ ನುಗ್ಗಿದರೆ, ನೀರು ತುಂಬಿದ ಸೈಕಲ್ ಪಂಪನ್ನು ಒತ್ತಿದ ಹಾಗೆ. ಒಳಗಿನದೆಲ್ಲ ಮುರಿದು ಕೂರುತ್ತದೆ.

ಸುಗಲಾಬಾಯಿ ಹೊಸ ವಾಲ್ವಿನ ಸುತ್ತ ಕೋಲೂರಿಕೊಂಡು ಒಂದು ಸುತ್ತು ಬಂದಿದ್ದಳು. "ಇದಕ್ಕ ಬೆರಳಿಲ್ಲೇನು ಲೀಲಿ?"

"ಅದಾ ಆಯಿ. ಈ ಕರಿ ವೈರಿನ ತುದಿ ನೋಡು. ನಿಮ್ಮ ಹಳೀ ಬೆರಳಿನ ಕೆಲಸಾನೇ ಇದು ಮಾಡ್ತದ."

"ರೊಟ್ಟಿ ಸುತ್ತಿದ್ರ?"

"ಗೊತ್ತಾಗ್ತದ! ಬಿಸಿ ಹಚ್ಚಿದ್ರ ಇದು ನಂಬಂಗಿಲ್ಲ. ಒತ್ತಡಾನೂ ನೋಡ್ತದ, ಲೆಕ್ಕಾ ಹಾಕ್ತದ, ನಮಗ ಸುದ್ದೀ ಕೊಡ್ತದ. ಇನ್ನ ಮ್ಯಾಲ ಯಾರಾರ ಮುಟ್ಟಿದ್ರ ಆ ಮನೀ ಲೈನು ಬ್ಯಾಸಗಿ ಮುಗಿಯೋ ತನ ಕಟ್. ಆರ್ಡರ್ ಅದಾ."

ಇದನ್ನೇ ಅವಳು ಮೈಕು ಹಿಡಿದು ಇಡೀ ಓಣಿಗೂ ಹೇಳಿದಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೇಳಿದರು. "ನಮ್ಮ ಲೀಲಿ ಎಷ್ಟ್ ಚಂದ ಬೆದರಸ್ತಾಳ," ಎಂದು ಮಹಿಬೂಬಿ ಮೆಚ್ಚಿಕೊಂಡಳು.

ಬಿಚ್ಚಿದ ಹಿತ್ತಾಳೆ ವಾಲ್ವುಗಳು ಗೋಣಿಯಲ್ಲಿ ಗಲಗಲ ಎನ್ನುತ್ತ ಗಾಡಿ ಹತ್ತಿದವು. ಹೊಸದು ಸದ್ದೇ ಮಾಡುವುದಿಲ್ಲ. ಹಳೆಯದು ಹಗಲೆಲ್ಲ ಸಣ್ಣಗೆ ಸುಂಯ್ ಎನ್ನುತ್ತಿತ್ತು. ಅವಳು ಆ ಸದ್ದಿನಲ್ಲೇ ಮಗ್ಗಿ ಕಲಿತಿದ್ದಳು, ಆ ಸದ್ದಿನಲ್ಲೇ ನಿದ್ದೆ ಮಾಡಿದ್ದಳು. ಈಗ ಅವಳು ಹುಟ್ಟಿ ಬೆಳೆದ ಮನೆಯಲ್ಲಿ ದೂರದ ಒಡಿಶಾದಿಂದ ಕೆಲಸಕ್ಕೆ ಬಂದ ಗಂಡಹೆಂಡತಿ ಬಾಡಿಗೆಗಿದ್ದರು. ಬಾಗಿಲು ತೆರೆದ ಹುಡುಗಿ ಕನ್ನಡ ಬಾರದೆ ಬರೀ ನಕ್ಕಳು. ಶಿವಲೀಲಾ ಕೆಲಸ ಮುಗಿದ ಮೇಲೂ ಗೋಡೆಗೆ ಕಿವಿಕೊಟ್ಟು ಒಂದು ಗಳಿಗೆ ನಿಂತಳು. ಏನೂ ಕೇಳಿಸಲಿಲ್ಲ.

*

"ಯಾಸ್ಮಿ ದವಾಖಾನಿಂದ ಮನಿಗಿ ಬಂದಾಳ. ಹೆಣ್ಣು ಕೂಸು," ಎಂದಳು ಕಸ್ತೂರಾ, ಆ ದಿನ ಬೆಳಗ್ಗೆ ಡಬ್ಬಿಗೆ ಬಾಣಂತಿಗೆಂದು ಮಾಡಿದ ಅಂಟಿನ ಉಂಡಿ ತುಂಬುತ್ತ. ತಾಯಿ ಮಗಳು ಈಗ ಊರಾಚೆಯ ಹೊಸ ಬಡಾವಣೆಯ ಫ್ಲ್ಯಾಟಿನಲ್ಲಿದ್ದರು. "ದಿನಾ ತುಂಬೋಕಿಂತ ಮೊದ್ಲೇ ಹುಟ್ಯಾದ. ಅಂಗೈಯಷ್ಟ್ ಅದಾ ಅಂತ. ನಾ ಹೋಗಿ ನೋಡಿ ಬರ್ತೀನಿ."

"ಈ ಬಿಸಿಲಾಗ? ಸಂಜಿಗಿ ಹೋಗು ಅವ್ವಾ. ಇವತ್ತ ನಲವತ್ತೊಂಬತ್ತು ಅಂತ."

"ನಾ ಏನು ಬೆಣ್ಣಿ ಏನು, ಕರಗ್ಲಿಕ್ಕಿ? ಅಲ್ಲಿ ಕೂಸು ನನ್ನ ಹಾದಿ ಕಾಯ್ಲಕತ್ತಾದ."

"ಅದಕ್ಕಿನ್ನ ಕಣ್ಣೇ ಬಿಟ್ಟಿಲ್ಲ, ನಿನ್ನ ಹಾದಿ ಎಲ್ಲಿಂದ ಕಾಯ್ತದ!"

ಕಸ್ತೂರಾ ಡಬ್ಬಿಯ ಮುಚ್ಚಳ ಟಪ್ಪೆಂದು ಒತ್ತಿದಳು. ಅವಳ ಕಡೆಯಿಂದ ಚರ್ಚೆ ಮುಗಿಯಿತು ಎಂದರ್ಥ. ಬಾಗಿಲಲ್ಲಿ ನಿಂತು, "ಈ ಫ್ಲ್ಯಾಟಿನಾಗ ಥಂಡಿ ಅದಾ, ಮಂದಿ ಇಲ್ಲ," ಎಂದು ಒಂದು ಮಾತು ಎಸೆದೇ ಹೋದಳು.

*

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ನಕ್ಷೆಯ ಒಂದು ಮೂಲೆ ಪೀಂಪೀಂ ಎಂದಿತು.

"ಯಾವ್ದಮ್ಮ ಅದು?" ಎಂದರು ತಿಪ್ಪೇಸ್ವಾಮಿ. ಶಿಫ್ಟಿನ ಮುಖ್ಯಸ್ಥರು, ಚಿತ್ರದುರ್ಗದ ಕಡೆಯವರು. ಅಲಾರಂ ಕೂಗಿದರೂ ಮೊಸರನ್ನ ಬಿಡದವರು.

"ಗೌಂಡಿ ಓಣಿ ಸರ್." ಶಿವಲೀಲಾ ಪರದೆಗೆ ಬಾಗಿದಳು. "ವಾಪಸ್ ಪೈಪಿನಲ್ಲಿ ದ್ರವ ಬರ್ತಿದೆ ಅಂತ ತೋರಿಸ್ತಿದೆ. ಒಂದು ಮನೆ ಅಲ್ಲ, ಐದು... ಏಳು... ಸರ್, ಓಣಿಗೆ ಓಣಿನೇ!"

ಅವರು ಎದ್ದು ಬರುವಷ್ಟರಲ್ಲಿ ಕಂಪ್ರೆಸರ್ ತಾನೇ ನಿಂತುಹೋಯಿತು. ಹೊಸ ವಾಲ್ವಿಗೆ ಹಾಗೆಂದೇ ಕಲಿಸಿದ್ದರು. ಯಾರಾದರೂ ಬಿಸಿ ಎಂದರೆ ಅದು ನಂಬುವುದಿಲ್ಲ. ಆದರೆ ಪೈಪು ಮಂಜಿನಂತೆ ತಣ್ಣಗಾಗಿದೆ, ದ್ರವ ವಾಪಸು ಬರುತ್ತಿದೆ ಎಂದರೆ ಪ್ರಶ್ನೆ ಕೇಳದೆ ನಂಬುತ್ತದೆ, ಯಾಕೆಂದರೆ ಅದು ನಿಜವಾಗಿದ್ದರೆ ಯಂತ್ರ ಉಳಿಯುವುದಿಲ್ಲ.

"ಲಾಕ್ ಆಯ್ತು," ಎಂದರು ತಿಪ್ಪೇಸ್ವಾಮಿ. "ಇನ್ನು ವ್ಯಾನಿನೋರು ಹೋಗಿ ನೋಡೋವರ್ಗೂ ಶುರು ಮಾಡೋ ಹಂಗಿಲ್ಲ."

"ವ್ಯಾನು ಎಲ್ಲಿದೆ?"

"ಶಹಾಬಾದ್ ರೋಡಿನಾಗೆ ಐತೆ. ಬರೋವಷ್ಟರಲ್ಲಿ ಸಂಜೆ ಆಗ್ತೈತೆ."

"ಸರ್, ಅಲ್ಲಿ ಒಂದು ಹಸುಗೂಸಿದೆ. ಫರಸಿ ಕಲ್ಲಿನ ಛಾವಣಿ ಸರ್, ಥಂಡಿ ನಿಂತ ಗಳಿಗೆಯಿಂದ ಒಲೆ ಆಗುತ್ತೆ."

ತಿಪ್ಪೇಸ್ವಾಮಿ ಕೈ ಒರೆಸಿಕೊಂಡರು. "ನಂಗೂ ಮೊಮ್ಮಕ್ಕಳು ಅವ್ರೆ ಕಣಮ್ಮ. ಆದ್ರೆ ನಿಜವಾಗ್ಲೂ ದ್ರವ ಬರ್ತಿದ್ರೆ? ಶುರು ಮಾಡಿದ ಕೂಡ್ಲೆ ಕಂಪ್ರೆಸರ್ ಮುರೀತದೆ. ಹೊಸದು ಬರೋಕೆ ಬೇಸಿಗೆನೇ ಕಳೀತದೆ. ಆಗ ಆ ಕೂಸು ಏನ್ ಮಾಡ್ತದೆ?"

ಅವರು ಹೇಳಿದ್ದು ಸರಿಯೇ ಇತ್ತು. ಅದೇ ಕಷ್ಟ.

ಶಿವಲೀಲಾ ಪರದೆ ನೋಡುತ್ತ ನಿಂತಳು. ನಿಂತು ನೋಡಿದ ಹಾಗೆ ಅವಳಿಗೆ ಏನೋ ವಿಚಿತ್ರ ಕಂಡಿತು. ಕಂಪ್ರೆಸರ್ ನಿಂತ ಮೇಲೆ ಹೊಸ ಥಂಡಿ ಎಲ್ಲಿಂದಲೂ ಬರುವುದಿಲ್ಲ, ಪೈಪುಗಳು ಬೆಚ್ಚಗಾಗಲೇಬೇಕು. ಆದರೆ ಹದಿನೈದು ಮನೆಯ ಪೈಪುಗಳು ಇನ್ನೂ ಸೊನ್ನೆಯ ಹತ್ತಿರವೇ ಅಂಟಿ ಕೂತಿದ್ದವು. ಆಗಲೇ ಬಿಸಿಯಾಗತೊಡಗಿದ್ದದ್ದು ಒಂದೇ ಮನೆಯದು. ಓಣಿಯ ತುದಿಯ ಮನೆ. ಯಾಸ್ಮಿನ್‌ಳದು.

ಹದಿನೈದು ಬರ್ಫಿನ ಗಂಟು!

ಅವಳಿಗೆ ನಗು ಬಂತು. ನಿಮ್ಮ ಹಳೀ ಬೆರಳಿನ ಕೆಲಸಾನೇ ಇದು ಮಾಡ್ತದ ಅಂತ ತಾನೇ ಹೇಳಿದ್ದಳಲ್ಲ. ರೊಟ್ಟಿ ಸುತ್ತಬೇಡಿ ಅಂದಾಗ ಅವರು ಒಪ್ಪಿಕೊಂಡಿದ್ದರು. ಕದಿಯುವುದು ನಿಂತಿತು ಎಂದುಕೊಂಡಿದ್ದರು. ಕೊಡುವುದೂ ತಪ್ಪು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

"ಸರ್, ಇದು ದ್ರವ ಅಲ್ಲ. ಬರ್ಫ್ ಕಟ್ಟಿದ್ದಾರೆ." ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ತಿಪ್ಪೇಸ್ವಾಮಿ ಕನ್ನಡಕ ಏರಿಸಿ ಪರದೆ ನೋಡಿದರು, ಅವಳನ್ನು ನೋಡಿದರು. "ನೀನು ಹೇಳೋದು ನಂಬ್ತೀನಿ. ಆದ್ರೆ ಗಂಟು ಬಿಚ್ಚದೆ ಈ ಯಂತ್ರ ನಂಬಲ್ಲ. ಬಿಚ್ಚಿಸು ಮತ್ತೆ. ಅಲಾರಂ ನಿಂತ್ರೆ ವ್ಯಾನಿಗೆ ಕಾಯದೆ ಲಾಕು ನಾನೇ ತೆಗೀತೀನಿ."

*

ಶಿವಲೀಲಾ ಕಂಟ್ರೋಲ್ ರೂಮಿನ ಫೋನಿನಿಂದಲೇ ಅವ್ವನಿಗೆ ಹಚ್ಚಿದಳು. ಹಿಂದೆ ಸಂತೆಯಷ್ಟು ಗದ್ದಲ.

"ಅವ್ವಾ, ಅಲ್ಲಿ ಯಾರಾರ ವಾಲ್ವ್ ಮುಟ್ಯಾರೇನು?"

ಹಿಂದಿನಿಂದ ಯಾರೋ "ಶ್!" ಎಂದರು.

"ಯಾ ವಾಲ್ವು?" ಎಂದಳು ಕಸ್ತೂರಾ.

"ಅವ್ವಾ!"

"ಇಲ್ಲವ್ವ, ಇಲ್ಲಿ ಯಾರೂ ಏನೂ ಮುಟ್ಟಿಲ್ಲ. ನಾವು ಸುಮ್ಮ ಕುಂತೀವಿ." ಪಕ್ಕದಿಂದ ಸುಗಲಾಬಾಯಿಯ ಪಿಸುಮಾತು ಇಡೀ ಜಿಲ್ಲೆಗೆ ಕೇಳುವಂತೆ ಬಂತು, "ಕರೆಂಟ್ ಹೋಗ್ಯಾದ ಅನ್ನು, ಕರೆಂಟ್!" ಕಸ್ತೂರಾ ಕೂಡಲೇ, "ಹಾಂ, ಕರೆಂಟ್ ಹೋಗ್ಯಾದ ನೋಡು," ಎಂದಳು.

"ಆಯಿ, ಫೋನ್ ತೊಗೊ. ನೀ ಗಂಟು ಕಟ್ಸೀ ಹೌದಲ್ಲೋ?"

"ಯಾರ ಹೇಳ್ದೋರು?" ಸುಗಲಾಬಾಯಿಯ ದನಿ ಖಣ್ಣೆಂದಿತು. "ಲೀಲಿ, ನೀನೇ ಮೈಕಿನ್ಯಾಗ ಹೇಳಿ ಹೋಗೀದಿ, ಮುಟ್ಟಿದ್ರ ಲೈನ್ ಕಟ್ ಅಂತ. ನಾವ್ಯಾಕ್ ಮುಟ್ಟೋಣ? ನಮಗೇನ್ ಹುಚ್ಚ್ ಹಿಡದಾದೇನು?"

"ಹಂಗಾದ್ರ ಪೈಪಿನ ಮ್ಯಾಲ ಬರ್ಫು ಹ್ಯಾಂಗ್ ಬಂತು?"

"ಹಿಮಾಲಯದಿಂದ ಬಂದಿರಬೇಕು," ಎಂದು ಯಾರೋ ಅಂದರು. ಸುತ್ತಲೂ ಕಿಸಕ್ಕನೆ ನಗು. ನಗುವಿನೊಳಗೆ ಹೆದರಿಕೆ ಇತ್ತು. ಶಿವಲೀಲಾಗೆ ಅದು ಕೇಳಿಸಿತು, ಅದನ್ನು ಅಲ್ಲಿ ಇಟ್ಟುಬಂದವಳು ತಾನೇ ಎಂದೂ ತಿಳಿಯಿತು.

ಪರದೆಯಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತಿತ್ತು. ಕರಗಿ ತುಸು ಮೇಲೇರುತ್ತಿದ್ದ ಪೈಪುಗಳು ಒಂದೊಂದಾಗಿ ಮತ್ತೆ ಸೊನ್ನೆಗೆ ಇಳಿಯುತ್ತಿದ್ದವು. ಯಾಸ್ಮಿನ್ ಮನೆಗೆ ಥಂಡಿ ಹೋಗುತ್ತಿಲ್ಲ ಎಂದು ನೋಡಿ, ಗಂಟು ಸಾಲದಾಯಿತು ಅಂತ ಹೊಸ ಬರ್ಫು ಕಟ್ಟುತ್ತಿದ್ದರು! ಕೂಸಿನ ಮೇಲಿನ ಪ್ರೀತಿ ಹೆಚ್ಚಿದ ಹಾಗೆಲ್ಲ ಕೂಸಿನ ಕೋಣೆ ಕಾಯುತ್ತಿತ್ತು.

"ಆಯಿ, ಕೂಸು ಹ್ಯಾಂಗದಾ?"

ಈ ಸಲ ಸುಗಲಾಬಾಯಿಯ ದನಿಯಲ್ಲಿ ಪೊಲೀಸಿರಲಿಲ್ಲ. "ಮಾರಿ ಕೆಂಪಗಾಗ್ಯಾದ ಲೀಲಿ. ಹಾಲು ಕುಡೀವಲ್ದು. ಅಳೋದೂ ಬಿಟ್ಟಾದ. ಯಾಸ್ಮಿ ಒದ್ದಿ ಅರಿವಿಲೆ ಒರಸ್ಲಕತ್ತಾಳ. ಮಹಿಬೂಬಿ ಗ್ವಾಡಿಗಿ ತೆಲಿ ಕೊಟ್ಟು ಕುಂತಾಳ. ದವಾಖಾನಿ ಗಾಡಿಗಿ ಫೋನ್ ಹಚ್ಚೀವಿ, ಎಲ್ಲಾ ಕಡಿ ಇದೇ ಕಥಿ, ಬರ್ಲಿಕ್ಕಿ ತಡ ಆಗ್ತದ ಅಂದಾರ."

ಶಿವಲೀಲಾ ಫೋನನ್ನು ಎದೆಗೊತ್ತಿಕೊಂಡು ತಿಪ್ಪೇಸ್ವಾಮಿಯ ಕಡೆ ತಿರುಗಿದಳು. "ಗಂಟು ಬಿಚ್ಚಿಸಿ ಎಲ್ಲ ಮನೆಗೂ ಒಟ್ಟಿಗೆ ಶುರು ಮಾಡಿದರೆ ಆ ಕೋಣೆ ತಣ್ಣಗಾಗೋದು ಯಾವಾಗ ಸರ್?"

"ಹದಿನಾರು ಮನೆ ಕಲ್ಲು ಕಾದೈತೆ. ಸಂಜೆ ಮೇಲೆ."

"ಒಂದೇ ಮನೆಗೆ ಕೊಟ್ಟರೆ?"

"ಟೀ ಕುಡಿಯೋವಷ್ಟರಲ್ಲಿ. ಆದ್ರೆ ಬೇಸಿಗೆನಾಗೆ ಮನೆಯೋರು ಒಪ್ಪದೆ ಯಾವ ಮನೆ ವಾಲ್ವೂ ನಾವು ಮುಚ್ಚೋ ಹಂಗಿಲ್ಲ. ಕಾನೂನು." ಆಮೇಲೆ ಅವರೇ ಸೇರಿಸಿದರು, "ಬಾಯಲ್ಲಿ ಒಪ್ಪಿದ್ರೂ ಆಗ್ತೈತೆ. ಫೋನಿನಾಗೆ ರೆಕಾರ್ಡ್ ಆಗ್ತಿರ್ತೈತೆ."

ಆಗ ಶಿವಲೀಲಾಗೆ ತಾನು ಇಷ್ಟು ಹೊತ್ತು ಏನು ಕೇಳುತ್ತಿದ್ದೆ ಎಂಬುದು ಹೊಳೆಯಿತು. ಯಾರು ಮುಟ್ಟಿದ್ದು, ಯಾರು ಮುಟ್ಟಿದ್ದು ಎಂದು. ಗೌಂಡಿ ಓಣಿಯಲ್ಲಿ ಅಂಥ ಪ್ರಶ್ನೆಗೆ ಯಾವ ಕಾಲಕ್ಕೂ ಉತ್ತರ ಸಿಕ್ಕಿದ್ದಿಲ್ಲ.

ಅವಳು ಫೋನನ್ನು ಮತ್ತೆ ಕಿವಿಗಿಟ್ಟಳು. "ಆಯಿ, ಸ್ಪೀಕರ್ ಹಚ್ಚು. ಎಲ್ಲಾರೂ ಕೇಳ್ರಿ. ಯಾರು ಕಟ್ಟೀರಿ ಅಂತ ನಾ ಕೇಳಂಗಿಲ್ಲ. ನಂಗ ಬ್ಯಾಡ ಅದು. ಯಾಸ್ಮಿ ಕೂಸಿಗಿ ಥಂಡಿ ಯಾರು ಕೊಡ್ತೀರಿ, ಅಷ್ಟೇ ಹೇಳ್ರಿ. ಮನಿ ನಂಬರು, ಹೆಸರು ಹೇಳಿ ಒಪ್ಕೊಳ್ರಿ, ಇಲ್ಲಿ ರೆಕಾರ್ಡ್ ಆಗ್ತದ. ನಿಮ್ಮ ಮನೀದು ನಾ ಇಲ್ಲಿಂದ ಮುಚ್ತೀನಿ, ಅಕಿ ಮನೀದು ತೆರೀತೀನಿ. ಆದ್ರ ವೈರಿನ ಮ್ಯಾಲ ಏನೂ ಇರಬಾರ್ದು. ಇದ್ರ ಯಂತ್ರ ಹೆದರಿ ನಿಲ್ತದ. ಈಗ ಹಂಗೇ ನಿಂತದ."

ಆ ಕಡೆ ಗುಸುಗುಸು. "ಹಂಗೇನು? ನಮ್ಮಿಂದೇ ನಿಂತದೇನು?" ಎಂದು ಯಾರೋ ಬಾಯಿಬಡಿದುಕೊಂಡರು. "ಸುಮ್ಮನಿರ್ರೇ!" ಎಂದು ಸುಗಲಾಬಾಯಿ ಗದರಿದಳು. ಕೋಲಿನ ಟಕಟಕ ದೂರ ಹೋಯಿತು. ಹೋದದ್ದು ಮತ್ತೆ ಹತ್ತಿರ ಬಂತು.

"ಒಂದ್ನೇ ನಂಬರ್ ಮನಿ," ಎಂದಳು ಏದುಸಿರಿನಲ್ಲಿ. "ಸುಗಲಾಬಾಯಿ. ಕೊಡ್ತೀನಿ. ಪೂರಾ ಕೊಡ್ತೀನಿ, ಸ್ವಲ್ಪನೂ ಇಟ್ಕೊಬ್ಯಾಡ."

ಪರದೆಯಲ್ಲಿ ಒಂದನೇ ಮನೆಯ ಪೈಪು ಸೊನ್ನೆಯಿಂದ ಜಿಗಿದು ಮೇಲೇರಿತು. ಶಿವಲೀಲಾ ಆ ಚುಕ್ಕೆಯನ್ನು ಒತ್ತಿ ವಾಲ್ವ್ ಮುಚ್ಚಿದಳು.

"ಎರಡ್ನೇದು. ಭೀಮರಾಯ. ನಮ್ಮ ಮನ್ಯಾಗ ಹ್ಯಾಂಗೂ ಯಾರೂ ಇಲ್ಲ, ಎಲ್ಲಾರೂ ಇಲ್ಲೇ ಕುಂತೀವಿ. ಕೊಡ್ತೀವ್ರಿ ಮೇಡಂ."

"ಮೇಡಂ ಅಂತ ಯಾಕ್ ಅಂತೀ ಕಾಕಾ?"

"ರೆಕಾರ್ಡ್ ಆಗ್ಲಕತ್ತಾದಂತಲ್ಲ!"

ಒಬ್ಬರ ಹಿಂದೆ ಒಬ್ಬರು ಫೋನಿನ ಹತ್ತಿರ ಬಂದರು. ಕೆಲವರು ಹೆಸರು ಹೇಳಿ ಓಡಿದರು, ಕೆಲವರು ಓಡಿ ಬಂದು ಹೆಸರು ಹೇಳಿದರು. ರೊಟ್ಟಿಯ ಜಗಳದಲ್ಲಿ ಕೇಳಿದ ದನಿಗಳೇ ಎಲ್ಲ, ವಯಸ್ಸಾಗಿ ಒರಟಾಗಿದ್ದವು. ಒಬ್ಬಳಿಗೆ ಮನೆಯ ನಂಬರು ಮರೆತೇಹೋಗಿತ್ತು. "ಅದೇ ಲೀಲಿ, ನೀ ಜಾಂಪಳ ಹಣ್ಣು ಕದೀಲಿಕ್ಕಿ ಬರ್ತಿದ್ದೆಲ್ಲ, ಆ ಮನಿ," ಎಂದಳು. ತಿಪ್ಪೇಸ್ವಾಮಿ ಕೆಮ್ಮಿ ನಗು ಮುಚ್ಚಿಕೊಂಡರು. ಶಿವಲೀಲಾ ಕಣ್ಣೊರೆಸಿಕೊಂಡು ಒಂದೊಂದೇ ಚುಕ್ಕೆ ಒತ್ತುತ್ತ ಹೋದಳು.

ಕೊನೆಗೆ ಒಂದು ಮನೆ ಉಳಿಯಿತು. ಅದರ ಪೈಪು ಇನ್ನೂ ಸೊನ್ನೆಯಲ್ಲೇ ಇತ್ತು. ಅವಳ ಹಳೆಯ ಮನೆ.

"ಅವ್ವಾ, ನಮ್ಮ ಮನೀದು?"

"ಗಂಡ ಕೆಲಸಕ್ಕ ಹೋಗ್ಯಾನ. ಹುಡುಗಿ ಒಬ್ಬಾಕೀ ಅದಾಳ. ಎಲ್ಲಾರೂ ಕಟ್ಟೋದು ನೋಡಿ ತಾನೂ ಕಟ್ಯಾಳ, ಯಾರೂ ಹೇಳಿದ್ದಿಲ್ಲ. ಈಗ ಬಿಚ್ಚು ಅಂದ್ರ ತಿಳೀವಲ್ದು. ನೀ ಕೊಡಬ್ಯಾಡ ಅಂದೀವಿ ಅಂತ ತಿಳ್ಕೊಂಡಾಳೇನೋ, ಗಂಟು ಹಿಡಕೊಂಡು ನಿಂತಾಳ."

"ಅಕಿ ಕೈಯಾಗ ಫೋನ್ ಕೊಡು."

ಉಸಿರಿನ ಸದ್ದು ಕೇಳಿತು. ಶಿವಲೀಲಾ ತನಗೆ ಬರುವ ಹರಕುಮುರುಕು ಹಿಂದಿಯಲ್ಲಿ ನಿಧಾನಕ್ಕೆ ಹೇಳಿದಳು, ಗಂಟು ಬಿಚ್ಚಮ್ಮ, ಬಿಚ್ಚಿದರೂ ನಿನ್ನ ಥಂಡಿ ಕೂಸಿಗೇ ಹೋಗುತ್ತದೆ, ನಾನು ಕಳಿಸುತ್ತೇನೆ ಎಂದು. ಆ ಹುಡುಗಿ ಏನೋ ಯೋಚಿಸಿದಳು. ಆಮೇಲೆ ಓಣಿಯವರ ಬಾಯಿಂದ ಅಷ್ಟು ಹೊತ್ತು ಕೇಳಿಸಿಕೊಂಡದ್ದನ್ನೇ, ತಪ್ಪುತಪ್ಪಾಗಿ, ಜೋರಾಗಿ ಹೇಳಿದಳು.

"ನಮ್ ಮನಿ. ಸುಭಾಸಿನಿ. ಕೊಡ್ತಿನಿ."

ಚುಕ್ಕೆ ಜಿಗಿಯಿತು. ತಾನು ಟೈಫಾಯ್ಡಿನಲ್ಲಿ ನಡುಗುತ್ತ ಮಲಗಿದ್ದ ಕೋಣೆಯ ವಾಲ್ವನ್ನು ಶಿವಲೀಲಾ ತನ್ನ ಬೆರಳಿನಿಂದಲೇ ಒತ್ತಿ ಮುಚ್ಚಿದಳು.

ನಕ್ಷೆಯ ಪೀಂಪೀಂ ನಿಂತಿತು. ತಿಪ್ಪೇಸ್ವಾಮಿ ಬಂದು ಲಾಕಿನ ಮೇಲೆ ಹೆಬ್ಬೆಟ್ಟು ಇಟ್ಟರು. ಕಂಪ್ರೆಸರ್ ಒಮ್ಮೆ ತಡವರಿಸಿ, ಒಂದೇ ಮನೆಗೆ ಬೇಕಾದಷ್ಟು ಮೆಲ್ಲಗೆ ತಿರುಗತೊಡಗಿತು. ಓಣಿಯ ತುದಿಯ ಮನೆಯ ಕಿಂಡಿಯನ್ನು ಶಿವಲೀಲಾ ಪೂರ್ತಿ ತೆರೆದಳು.

ಚುಕ್ಕೆ ಕೆಂಪಗಿತ್ತು. ಕೆಂಪಗೇ ಇತ್ತು. ತಿಪ್ಪೇಸ್ವಾಮಿ ನಿಜಕ್ಕೂ ಎರಡು ಲೋಟ ಟೀ ತರಿಸಿದರು. ಯಾರೂ ಕುಡಿಯಲಿಲ್ಲ. ಚುಕ್ಕೆ ಹಳದಿಯಾಯಿತು, ಹಳದಿಯಲ್ಲೇ ಬಹಳ ಹೊತ್ತು ನಿಂತಿತು. ಟೀ ಆರಿ ಕೆನೆ ಕಟ್ಟಿದ ಮೇಲೆ ನೀಲಿಗೆ ತಿರುಗಿತು.

ಫೋನು ಬಂತು. ಯಾಸ್ಮಿನ್.

"ಲೀಲಿ," ಎಂದಳು. ಹಿಂದೆ ಕೂಸಿನ ಅಳು, ಸಣ್ಣದು, ಸಿಟ್ಟಿನದು. "ಕೇಳ್ಲಕತ್ತಾದೇನು? ಹಾಲು ಕುಡೀತು. ಕುಡದು ಈಗ ಜಗಳಾ ಮಾಡ್ಲಕತ್ತಾದ. ಥಂಡಿ ಆಗ್ಯಾದ ಅದಕ್ಕ. ಸೀನ್ಲಕತ್ತಾದ. ಸಾಕು, ಕಡಿಮಿ ಮಾಡು."

"ಮಾಡ್ತೀನಿ, ಮಾಡ್ತೀನಿ." ಶಿವಲೀಲಾಗೆ ನಗುವೋ ಅಳುವೋ ತಿಳಿಯದಾಯಿತು. "ಮುಚ್ಚಿದವನ್ನ ಒಂದೊಂದೇ ಬಿಡ್ತಾ ಬರ್ಬೇಕು. ಮೊದ್ಲ ಆಯಿ ಮನಿಗಿ ಬಿಡ್ಲೇನು? ವಯಸ್ಸಾದಾಕಿ."

"ಆಯಿ ಇಲ್ಲೇ ನನ್ನ ಕೌದಿ ಹೊತ್ಕೊಂಡು ಮಲಗ್ಯಾಳ, ಗೊರಕಿ ಹೊಡೀಲಕತ್ತಾಳ. ಓಣಿಗಿ ಓಣೀನೇ ನಮ್ಮನ್ಯಾಗ ಅದಾ. ನಿಮ್ಮವ್ವ ಉಂಡಿ ಹಂಚಲಕತ್ತಾಳ. ಆ ಹುಡುಗಿ ಒಬ್ಬಾಕೀ ಬಂದಿಲ್ಲ. ಕರದ್ರೂ ನಾಚ್ಕೊಂಡು ಬಾಗಲಾ ಹಾಕ್ಕೊಂಡು ಒಳಗೇ ಕುಂತಾಳ." ಯಾಸ್ಮಿನ್ ದನಿ ತಗ್ಗಿಸಿದಳು. "ಲೀಲಿ, ಮೊದ್ಲ ಅಕಿಗಿ ಬಿಡು. ಅಕೀನೂ ಬಸರ ಅದಾಳ. ನಾಕೈದು ತಿಂಗಳು ಆಗಿರ್ಬೇಕು. ನಮಗ್ಯಾರಿಗೂ ಗೊತ್ತಿದ್ದಿಲ್ಲ, ಈಗ ಗಂಟು ಬಿಚ್ಚಲಿಕ್ಕಿ ಕೈ ಎತ್ತಿದಾಗ ನಿಮ್ಮವ್ವ ನೋಡ್ಯಾಳ."

ಶಿವಲೀಲಾ ನಕ್ಷೆಯ ಕಡೆ ತಿರುಗಿದಳು. ತನ್ನ ಹಳೆಯ ಮನೆಯ ಚುಕ್ಕೆ ಕಡುಗೆಂಪಾಗಿ ಉರಿಯುತ್ತಿತ್ತು. ಅದರ ಮೇಲೆ ಬೆರಳಿಟ್ಟಳು, ಕಿಂಡಿ ತೆರೆದಳು. ಆಮೇಲೆ ಕುರ್ಚಿ ಎಳೆದುಕೊಂಡು, ಆ ಮನೆ ನೀಲಿಯಾಗುವವರೆಗೂ ಅಲ್ಲೇ ಕೂತಳು.